ಧಾಟಿ ಯಾರದೆಂದು ಒಂದು ಸಾಲು ಹಾಕಿಸಿ: ಚಲನಚಿತ್ರ ವಾಣಿಜ್ಯ ಮಂಡಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಅಧ್ಯಕ್ಷರು ಹಾಗೂ ಪದಾಧಿಕಾರಿಗಳಿಗೆ,
ಕನ್ನಡದ ಸಂಗೀತ ನಿರ್ದೇಶಕರು, ನಿರ್ಮಾಪಕರು ಮತ್ತು ಆಡಿಯೋ ಕಂಪನಿಯವರಿಗೆ,

ನಮಸ್ಕಾರ.

ಹೊಸ ಸಿನಿಮಾ ಮಾಡಲು ಹೊರಟವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ತಮ್ಮ ಮಂಡಳಿಗೆ ಬಂದು ಶೀರ್ಷಿಕೆ ನೋಂದಾಯಿಸುವುದು. ಆ ಹೆಸರು ಬೇರೆಯವರ ಬಳಿ ಇದ್ದರೆ ಸಿಗುವುದಿಲ್ಲ. ಜಗಳವಾದರೆ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತೀರಿ. ಮೂರು ಅಕ್ಷರದ ಒಂದು ಹೆಸರಿಗೆ ಇಷ್ಟು ಕಾವಲು ಇದೆ. ಅದೇ ಸಿನಿಮಾದ ಹಾಡಿನ ಧಾಟಿ ಎಲ್ಲಿಂದ ಬಂತು, ಯಾರದು, ಒಪ್ಪಿಗೆ ಕೇಳಿ ತಂದದ್ದೇ ಕೇಳದೆ ತಂದದ್ದೇ ಎಂದು ವಿಚಾರಿಸುವ ಒಂದು ಮೇಜು ಕೂಡ ನಮ್ಮ ಉದ್ಯಮದಲ್ಲಿ ಇಲ್ಲ. ಹಾಡು ಹಿಟ್ ಆದ ಮೇಲೆ ಕೋರ್ಟು, ಇಲ್ಲವೇ ಟ್ರೋಲ್ ಪೇಜು. ಈ ಎರಡರ ನಡುವೆ ಒಂದು ಜಾಗ ಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಾರ್ಮೋನಿಯಂ, ಕೀಬೋರ್ಡ್ ಕಲಿಸುವವನು. ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬಹಳ ವರ್ಷ ನುಡಿಸಿದ್ದೇನೆ. ಆರ್ಕೆಸ್ಟ್ರಾದಲ್ಲಿ ಕಾಗದದ ಮೇಲೆ ಸ್ವರ ಬರೆದು ಕೊಡುವವರು ಯಾರೂ ಇರುವುದಿಲ್ಲ. ಹಾಡು ಬಿಡುಗಡೆಯಾದ ವಾರವೇ ಜನ ಚೀಟಿ ಕಳಿಸಿ ಕೇಳುತ್ತಾರೆ, ನಾವು ಫೋನಿನಲ್ಲಿ ನಾಲ್ಕು ಸಲ ಕೇಳಿ ಹಿಡಿದುಕೊಳ್ಳಬೇಕು. ಹಾಗೆ ಹಿಡಿಯುವಾಗ ಬೆರಳು ತನಗೆ ತಾನೇ ಹಳೆಯ ಹಾಡೊಂದರ ದಾರಿ ಹಿಡಿದುಬಿಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ಪಲ್ಲವಿಯ ಎರಡನೇ ಸಾಲಿಗೆ ಬರುವಷ್ಟರಲ್ಲಿ ತಬಲಾದವರು ತಲೆಯೆತ್ತಿ ನೋಡುತ್ತಾರೆ, ಅವರಿಗೂ ಹೊಳೆದಿರುತ್ತದೆ. ಈಗ ನನ್ನ ಹತ್ತಿರ ಕಲಿಯುವ ಮಕ್ಕಳು ನೇರವಾಗಿ ಕೇಳುತ್ತಾರೆ: "ಸಾರ್, ಇದು ಆ ಹಾಡೇ ಅಲ್ವಾ?" ಕೆಲವು ಸಲ ಹೌದು ಎನ್ನಬೇಕಾಗುತ್ತದೆ. ಕೆಲವು ಸಲ, ಇಲ್ಲಪ್ಪ, ರಾಗ ಒಂದೇ, ಹಾಡು ಬೇರೆ ಎಂದು ಕೂರಿಸಿ ನುಡಿಸಿ ತೋರಿಸಬೇಕಾಗುತ್ತದೆ. ಈ ವ್ಯತ್ಯಾಸ ಮಗುವಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಉದ್ಯಮ ಮಾತ್ರ ಅದನ್ನು ಅರ್ಥಮಾಡಿಕೊಳ್ಳುವ ಗೋಜಿಗೇ ಹೋಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಧಾಟಿ ಸಾಲ ತರುವುದನ್ನು ನಾನು ವಿರೋಧಿಸುವುದಿಲ್ಲ. ಸಂಗೀತ ಬೆಳೆದದ್ದೇ ಹಾಗೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. "ಸಂತತಂ ಪಾಹಿಮಾಂ" ಹಾಡುವಾಗ ನಾವು ಹಾಡುವುದು ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯನ್ನೇ. ಅವನ್ನು ಇವತ್ತಿಗೂ ನೋಟುಸ್ವರ ಎಂದೇ ಕರೆದು, ಮೂಲ ಪಾಶ್ಚಾತ್ಯದ್ದು ಎಂದು ಹೇಳಿಯೇ ಕಲಿಸುತ್ತೇವೆ. ದೀಕ್ಷಿತರ ಗೌರವ ಅದರಿಂದ ಕೂದಲಷ್ಟೂ ಕಡಿಮೆಯಾಗಿಲ್ಲ. ನಮ್ಮ ಕಂಪನಿ ನಾಟಕಗಳು ಪಾರ್ಸಿ ರಂಗಭೂಮಿಯಿಂದ, ಮರಾಠಿ ನಾಟ್ಯಗೀತೆಗಳಿಂದ ಧಾರಾಳವಾಗಿ ತಂದವು. ಮಾತನಾಡುವ ಸಿನಿಮಾ ಶುರುವಾದ ಮೇಲೆ ಹಿಂದಿ ಧಾಟಿಗೆ ಕನ್ನಡ ಸಾಹಿತ್ಯ ಕೂರಿಸಿದ್ದಕ್ಕೆ ಲೆಕ್ಕವಿಲ್ಲ. ರೀಮೇಕ್ ಕಾಲದಲ್ಲಿ ಕಥೆಯ ಹಕ್ಕಿನ ಜೊತೆ ಟ್ಯೂನಿನ ಹಕ್ಕನ್ನೂ ಕೊಂಡು ತಂದವರಿದ್ದಾರೆ. ಅದು ವ್ಯವಹಾರ, ಅದರಲ್ಲಿ ಮುಚ್ಚುಮರೆ ಇಲ್ಲ.

ನಮ್ಮೂರುಗಳ ಭಜನೆ ಪುಸ್ತಕ ತೆಗೆದು ನೋಡಿ. ಹಾಡಿನ ತಲೆಯ ಮೇಲೆ ಆವರಣದೊಳಗೆ "ಧಾಟಿ" ಎಂದು ಬರೆದು, ಮೂಲ ಹಾಡಿನ ಮೊದಲ ಸಾಲು ಹಾಕಿರುತ್ತಾರೆ. ಅಯ್ಯಪ್ಪನ ಹಾಡಿಗೆ ರಾಜ್‌ಕುಮಾರ್ ಸಿನಿಮಾದ ಧಾಟಿ, ಎಲ್ಲಮ್ಮನ ಹಾಡಿಗೆ ಇನ್ಯಾವುದೋ ಲಾವಣಿಯ ಧಾಟಿ. ಅಚ್ಚು ಹಾಕಿಸಿದವರು ಊರ ದೇವಸ್ಥಾನದ ಭಜನಾ ಮಂಡಳಿಯವರು, ಕಾಪಿರೈಟ್ ಕಾಯ್ದೆ ಓದಿದವರಲ್ಲ. ಹಾಡುವವರಿಗೆ ಅನುಕೂಲವಾಗಲಿ ಎಂದು ಹಾಕಿದ ಸಾಲು ಅದು, ಆದರೆ ಅದರಲ್ಲಿ ಒಂದು ಮರ್ಯಾದೆಯೂ ಇದೆ: ಇದು ನಾನು ಕಟ್ಟಿದ್ದಲ್ಲ, ಇಂಥವರದು ಎಂದು ಹೇಳಿಬಿಡುವುದು. ಹಳ್ಳಿಯ ಭಜನಾ ಮಂಡಳಿ ನೀಟಾಗಿ ಮಾಡುವ ಈ ಕೆಲಸವನ್ನು ಕೋಟಿಗಟ್ಟಲೆ ಬಂಡವಾಳ ಹಾಕುವ ನಮ್ಮ ಸಿನಿಮಾದವರು ಯಾಕೆ ಮಾಡುವುದಿಲ್ಲ? ನನ್ನ ಪ್ರಶ್ನೆ ಇಷ್ಟೇ.

ಹೀಗೆ ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: "ಇರೋದೇ ಏಳು ಸ್ವರ ಸ್ವಾಮಿ, ಎಷ್ಟು ಅಂತ ಹೊಸದು ಮಾಡೋದು?" ಟಿವಿ ಸಂದರ್ಶನಗಳಲ್ಲಿ ಈ ಮಾತು ಕೇಳಿ ಕೇಳಿ ಬೇಸರವಾಗಿದೆ. ಕನ್ನಡದಲ್ಲಿ ಇರುವುದು ಐವತ್ತರ ಹತ್ತಿರದ ಅಕ್ಷರ. ಅಷ್ಟರಲ್ಲೇ ಪಂಪನೂ ಬರೆದ, ಕುಮಾರವ್ಯಾಸನೂ ಬರೆದ. ಯಾರೂ ಯಾರನ್ನೂ ಕದ್ದರು ಎನ್ನಲಿಲ್ಲ.

ಮಾತಿನಲ್ಲಿ ಹೇಳುವುದಕ್ಕಿಂತ ಸ್ವರದಲ್ಲೇ ತೋರಿಸುತ್ತೇನೆ. 1963ರಲ್ಲಿ ಅಮೆರಿಕದಲ್ಲಿ ಶಿಫಾನ್ಸ್ ಎಂಬ ಹುಡುಗಿಯರ ತಂಡ "ಹೀ ಈಸ್ ಸೋ ಫೈನ್" ಎಂಬ ಹಾಡಿನಿಂದ ಹೆಸರು ಮಾಡಿತು. ಕಟ್ಟಿದವನು ರಾನಿ ಮ್ಯಾಕ್ ಎಂಬ ಯುವಕ, ಅದೇ ವರ್ಷ ತೀರಿಕೊಂಡ. ಏಳು ವರ್ಷದ ನಂತರ, 1970ರಲ್ಲಿ, ಬೀಟಲ್ಸ್ ತಂಡದಿಂದ ಹೊರಬಂದಿದ್ದ ಜಾರ್ಜ್ ಹ್ಯಾರಿಸನ್ "ಮೈ ಸ್ವೀಟ್ ಲಾರ್ಡ್" ತಂದರು. ನಮ್ಮ ಹರೇ ಕೃಷ್ಣ, ಗುರುಬ್ರಹ್ಮ ಶ್ಲೋಕ ಎರಡೂ ಅದರಲ್ಲಿವೆ, ಹಾಗಾಗಿ ಇಲ್ಲಿಯೂ ಬಹಳ ಜನ ಕೇಳಿದ್ದಾರೆ. ಮೊದಲ ಹಾಡಿನ ಹಕ್ಕುದಾರರು ಕೋರ್ಟಿಗೆ ಹೋದರು. ನ್ಯಾಯಾಧೀಶ ರಿಚರ್ಡ್ ಓವೆನ್ ತೀರ್ಪಿನಲ್ಲಿ ಎರಡೂ ಹಾಡನ್ನು ತುಂಡು ತುಂಡಾಗಿ ಬಿಡಿಸಿ ಇಟ್ಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ತುಂಡು ಪ-ಗ-ರಿ. ಎರಡನೆಯದು ಪ-ದ-ಸ-ದ-ಸ, ಇದರ ಸ ಎಂದರೆ ತಾರಸ್ಥಾಯಿಯ, ಅಂದರೆ ಮೇಲಿನ ಷಡ್ಜ. ಹಳೆಯ ಹಾಡಿನಲ್ಲಿ ಮೊದಲ ತುಂಡು ನಾಲ್ಕು ಸಲ, ಎರಡನೆಯದೂ ನಾಲ್ಕು ಸಲ. ಹೊಸದರಲ್ಲಿ ಮೊದಲನೆಯದು ನಾಲ್ಕು ಸಲ, ಎರಡನೆಯದು ಮೂರು ಸಲ, ಆಮೇಲೆ ಬೇರೆ ದಾರಿ. ಎರಡನೆಯ ತುಂಡಿನಲ್ಲಿ ಒಂದು ಕಡೆ ಪ-ದ-ಸ-ದ-ರಿ-ಸ ಎಂದು ಒಂದು ಪುಟ್ಟ ರಿಷಭ, ಅಂದರೆ ರಿ, ಸೋಕಿ ಹೋಗುತ್ತದೆ. ಆ ಸೋಕು ಕೂಡ ಎರಡು ಹಾಡಿನಲ್ಲೂ ಇದೆ.

ಈಗ ಹಾರ್ಮೋನಿಯಂ ಮುಂದೆ ಕೂರೋಣ. ಸ ರಿ ಗ ಪ ದ. ಇದು ಮೋಹನ ರಾಗ. ಕರ್ನಾಟಕ ಸಂಗೀತ ಕಲಿಯಲು ಕೂತ ಪ್ರತಿ ಮಗುವೂ ಇದೇ ಐದು ಸ್ವರದಲ್ಲಿ "ವರವೀಣಾ ಮೃದುಪಾಣಿ" ಕಲಿಯುತ್ತದೆ: ಗಗ ಪಾ ಪಾ, ದಪ ಸಾ ಸಾ. ಐದು ಸ್ವರ ಅವೇ, ಆದರೆ ರಾನಿ ಮ್ಯಾಕ್ ಹಾಡನ್ನೂ ವರವೀಣಾವನ್ನೂ ಒಂದರ ಪಕ್ಕ ಒಂದು ನುಡಿಸಿದರೆ ಒಂದು ಇನ್ನೊಂದನ್ನು ನೆನಪಿಸುವುದೇ ಇಲ್ಲ. ಮೋಹನ ಯಾರಪ್ಪನ ಆಸ್ತಿಯೂ ಅಲ್ಲ. ಪ-ಗ-ರಿಯನ್ನು ನಾಲ್ಕು ಸಲ ಹೇಳಿ, ತಕ್ಷಣ ಪ-ದ-ಸ-ದ-ಸಕ್ಕೆ ಏರಿ, ಅಲ್ಲೊಂದು ರಿಷಭ ಸೋಕಿಸುವ ಜೋಡಣೆ ಇದೆಯಲ್ಲ, ಅದು ರಾನಿ ಮ್ಯಾಕ್‌ನದು. ಸ್ವರ ಎಲ್ಲರದು, ಜೋಡಣೆ ಒಬ್ಬರದು. 1976ರ ಆ ತೀರ್ಪು ಹ್ಯಾರಿಸನ್ ಬೇಕೆಂದೇ ಕದ್ದರು ಎನ್ನಲಿಲ್ಲ. ಕೇಳಿದ್ದ ಹಾಡು ಮನಸ್ಸಿನ ಒಳಗೆಲ್ಲೋ ಉಳಿದು, ತನ್ನದೇ ಎಂಬಂತೆ ಹೊರಬಂದಿದೆ ಎಂದಿತು. ಆದರೂ ಅದು ಉಲ್ಲಂಘನೆಯೇ ಎಂದು ತೀರ್ಮಾನಿಸಿತು. ಮುಂದೆ ಪರಿಹಾರದ ಮೊತ್ತ 5,87,000 ಡಾಲರಿಗೆ ನಿಂತಿತು.

ಸಂಗೀತ ನಿರ್ದೇಶಕ ಮಿತ್ರರೇ, ಈ ಮರೆವಿನ ಮಾತು ನಿಮ್ಮ ಪರವಾಗಿಯೂ ಇದೆ. ದಿನವಿಡೀ ಹಾಡು ಕೇಳುವವರ ತಲೆಯಲ್ಲಿ ಹಳೆಯದು ಹೊಸದಾಗಿ ಹುಟ್ಟುವುದು ಸಹಜ, ಅದು ಅಪ್ರಾಮಾಣಿಕತೆಯ ಗುರುತಲ್ಲ. ಆದರೆ ಯಾರೋ ತೋರಿಸಿದ ಮೇಲೂ "ಇಲ್ಲ, ನನ್ನದೇ" ಎಂದು ಹಟ ಹಿಡಿಯುವುದನ್ನು ಸಹಜ ಎನ್ನಲಾಗದು.

ಕೇಳುಗರಿಗೂ ಒಂದು ಮಾತು ಹೇಳಬೇಕು, ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದು ಅದಕ್ಕೇ. ಹೊಸ ಲಿರಿಕಲ್ ವಿಡಿಯೋ ಬಂದ ಅರ್ಧ ಗಂಟೆಯಲ್ಲಿ ಎರಡು ಹಾಡನ್ನು ಅಂಟಿಸಿ "ಕದ್ದ ಮಾಲು" ಎಂದು ಹಾಕುವ ಪೇಜುಗಳಿವೆ. ಅದರಲ್ಲಿ ಎಷ್ಟೋ ಸಲ ಒಂದೇ ಆಗಿರುವುದು ತಾಳ, ಅಥವಾ ನಾಲ್ಕು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. "ಜೊತೆಯಲಿ ಜೊತೆ ಜೊತೆಯಲಿ" ಎಂದು ಶಂಕರ್‌ನಾಗ್ ಅವರ "ಗೀತಾ" ಚಿತ್ರಕ್ಕೆ 1981ರಲ್ಲಿ ಇಳಯರಾಜ ಕಟ್ಟಿದ ಧಾಟಿ, 2007ರ ಹಿಂದಿ "ಚೀನಿ ಕಮ್"ನಲ್ಲಿ ಶ್ರೇಯಾ ಘೋಷಾಲ್ ದನಿಯಲ್ಲಿ ಬಂತು. ನಮ್ಮ ಹಾಡು ಕದ್ದರು ಎಂದು ಕೂಗುವ ಮೊದಲು ಆ ಚಿತ್ರದ ಸಂಗೀತ ಯಾರದು ಎಂದು ನೋಡಬೇಕಿತ್ತು, ಅದೂ ಇಳಯರಾಜ ಅವರದೇ. ತಮ್ಮ ಮಗುವಿಗೆ ತಾವೇ ಹೊಸ ಬಟ್ಟೆ ಹಾಕಿದ್ದಾರೆ. ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಮೇಲೆ ಎರಡು ದೊಡ್ಡ ಮೊಕದ್ದಮೆಗಳು ನಡೆದವು, ಒಂದು ಲಂಡನ್ನಿನಲ್ಲಿ, ಇನ್ನೊಂದು ನ್ಯೂಯಾರ್ಕಿನಲ್ಲಿ. 2022ರಲ್ಲಿ, 2023ರಲ್ಲಿ ಎರಡನ್ನೂ ಗೆದ್ದರು. ನ್ಯೂಯಾರ್ಕಿನಲ್ಲಿ ಸಾಕ್ಷಿಕಟ್ಟೆಯಲ್ಲಿ ಗಿಟಾರ್ ಹಿಡಿದು ನುಡಿಸಿಯೇ ತೋರಿಸಿದರು: ಈ ಕಾರ್ಡ್‌ಗಳ ಸಾಲು ಎಷ್ಟೋ ಹಾಡುಗಳಲ್ಲಿ ಇದೆ ಎಂದು. ಆರೋಪ ಹೊರಿಸುವುದು ಸುಲಭ, ಹೊತ್ತವರ ನಿದ್ದೆ ಹೋಗುವುದು ಸುಳ್ಳಲ್ಲ. ಇಂಥ ಆರೋಪಗಳಿಂದಾಗಿ ಶೀರನ್ ಹಾಡು ಕಟ್ಟುವ ಪ್ರತಿ ಸಿಟ್ಟಿಂಗನ್ನೂ ವಿಡಿಯೋ ಮಾಡಿಸಿಟ್ಟುಕೊಳ್ಳತೊಡಗಿದರು.

ನಮ್ಮ ಮನೆಯ ಉದಾಹರಣೆಗೇ ಬರೋಣ. "ಕಾಂತಾರ" 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಅದರ "ವರಾಹ ರೂಪಂ" ಹಾಡು ತಮ್ಮ "ನವರಸಂ"ನಂತೆಯೇ ಇದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ದೂರಿತು. ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್, ರಾಗಗಳು ಒಂದೇ ಆದ್ದರಿಂದ ಹಾಗೆ ಕೇಳಿಸುತ್ತದೆ, ನಕಲು ಮಾಡಿಲ್ಲ ಎಂದರು. ಕೋಯಿಕ್ಕೋಡಿನ ಕೋರ್ಟು ಹಾಡಿಗೆ ತಡೆ ಕೊಟ್ಟಿತು. ನವೆಂಬರಿನಲ್ಲಿ ಸಿನಿಮಾ ಒಟಿಟಿಗೆ ಬಂದಾಗ ಹಾಡಿನ ಧಾಟಿಯೇ ಬೇರೆ. ಥಿಯೇಟರಿನಲ್ಲಿ ಮೈ ಜುಮ್ ಎಂದಿದ್ದವರು ಮನೆಯಲ್ಲಿ ನೋಡಿ ಬೇಜಾರು ಮಾಡಿಕೊಂಡರು. ಆಮೇಲೆ ತಡೆ ಹೋಯಿತು, ಹಳೆಯ ಹಾಡು ಮರಳಿತು. 2023ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟು ಚಿತ್ರದ ನಿರ್ಮಾಪಕರ ಹಾಗೂ ನಿರ್ದೇಶಕರ ನಿರೀಕ್ಷಣಾ ಜಾಮೀನಿಗೆ ಈ ಹಾಡಿಟ್ಟು ಸಿನಿಮಾ ತೋರಿಸಬಾರದು ಎಂಬ ಷರತ್ತು ಹಾಕಿತು, ಸುಪ್ರೀಂ ಕೋರ್ಟು ಆ ಷರತ್ತಿಗೆ ತಡೆ ಕೊಟ್ಟಿತು.

ಯಾರು ಸರಿ ಎಂದು ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ನನ್ನನ್ನು ಕಾಡುವುದು ಬೇರೆ. ಅಷ್ಟು ತಿಂಗಳ ಓಡಾಟದಲ್ಲಿ ಆದೇಶಗಳು ತಿರುಗಿದ್ದು ಬಹುಪಾಲು ಯಾವ ಕೋರ್ಟಿಗೆ ಕೇಳುವ ಅಧಿಕಾರ ಇದೆ, ಜಾಮೀನಿಗೆ ಯಾವ ಷರತ್ತು ಹಾಕಬಹುದು ಎಂಬುದರ ಸುತ್ತ. ಎರಡು ಹಾಡನ್ನು ಪಕ್ಕಪಕ್ಕ ಇಟ್ಟು, ಇದು ರಾಗದ ಸ್ವಭಾವ, ಇದು ಇವರ ಜೋಡಣೆ, ಈ ಗಿಟಾರ್ ಬಿಟ್ ಎಲ್ಲಿಂದ ಬಂತು ಎಂದು, ತೋಡಿ-ಮುಖಾರಿ ರಾಗಗಳನ್ನು ಬಲ್ಲವರೂ ರಾಕ್ ಸಂಗೀತ ಬಲ್ಲವರೂ ಒಟ್ಟಿಗೆ ಕೂತು ಜನರಿಗೆ ಬಿಡಿಸಿ ಹೇಳಲೇ ಇಲ್ಲ. ಕನ್ನಡದ ಇಷ್ಟು ದೊಡ್ಡ ಹಾಡಿನ ಬಗ್ಗೆ ಒಂದು ಸ್ಪಷ್ಟ ಉತ್ತರ ನಮ್ಮ ಮಕ್ಕಳಿಗೆ ಸಿಗಬೇಕಿತ್ತು. ಅದಕ್ಕೂ ಮೊದಲು 2016ರ "ಕಿರಿಕ್ ಪಾರ್ಟಿ"ಯ ಹಾಡೊಂದು ಹಂಸಲೇಖ ಅವರ 1991ರ "ಶಾಂತಿ ಕ್ರಾಂತಿ"ಯ ಹಾಡಿನಿಂದ ಬಂದಿದೆ ಎಂದು ಲಹರಿ ಆಡಿಯೋ ಸಂಸ್ಥೆ ಕೋರ್ಟಿಗೆ ಹೋಗಿ, ಅದೂ ವರ್ಷಗಟ್ಟಲೆ ಎಳೆಯಿತು. ಲಹರಿಯವರೂ ಚಿತ್ರತಂಡದವರೂ ಇದೇ ಬೆಂಗಳೂರಿನವರು, ಇಬ್ಬರಿಗೂ ತಮ್ಮ ಮಂಡಳಿ ಗೊತ್ತು. ಕೂರಿಸಿ ಮಾತಾಡಿಸಬಹುದಾದ ಜಗಳ ಅದು.

ಇನ್ನು ಈ ಹೋಲಿಕೆ ಹುಟ್ಟುವ ಜಾಗಕ್ಕೆ ಬರುತ್ತೇನೆ. ಹೊರಗಿನವರು ಸಂಗೀತ ನಿರ್ದೇಶಕರನ್ನು ಬೈಯುತ್ತಾರೆ. ನಾನು ಕೀಬೋರ್ಡ್ ಹಿಡಿದು ಕೂತ ಸಿಟ್ಟಿಂಗ್‌ಗಳಲ್ಲಿ ಕಂಡದ್ದು ಬೇರೆ. ಚಾಪೆ ಹಾಸಿ, ಕಾಫಿ ಬಂದು, ಸನ್ನಿವೇಶ ವಿವರಿಸಿದ ಮೇಲೆ ಯಾರೋ ಒಬ್ಬರು ಫೋನ್ ತೆಗೆದು ಒಂದು ಹಿಟ್ ಹಾಡು ಹಾಕುತ್ತಾರೆ. ತಮಿಳಿನದೋ, ಹಿಂದಿಯದೋ, ಕೊರಿಯಾದ್ದೋ. "ಇದೇ ಫೀಲ್ ಬೇಕು" ಎನ್ನುತ್ತಾರೆ. ರೆಫರೆನ್ಸ್ ಟ್ರ್ಯಾಕ್ ಎಂದು ಅದಕ್ಕೆ ಹೆಸರು. ಸಂಗೀತ ನಿರ್ದೇಶಕರು ತಮ್ಮದೊಂದು ಧಾಟಿ ಗುನುಗುತ್ತಾರೆ. "ಚೆನ್ನಾಗಿದೆ, ಆದ್ರೆ ಅದರ ತರ ಹಿಡಿದುಕೊಳ್ತಿಲ್ಲ." ಎರಡನೆಯದು ಗುನುಗುತ್ತಾರೆ. "ಇನ್ನೂ ಸ್ವಲ್ಪ ಹತ್ರ ಬನ್ನಿ ಸಾರ್." ಹೀಗೆ ಹತ್ತಿರ ಹತ್ತಿರ ಕರೆಯುತ್ತಾ ಹೋಗಿ, ಕೊನೆಗೆ ಓಕೆ ಆಗುವ ಧಾಟಿ ಎಷ್ಟು ಹತ್ತಿರ ಬಂದಿರುತ್ತದೆ ಎಂದರೆ ಕಂಪ್ಯೂಟರಿನಲ್ಲಿ ವಾದ್ಯ ಜೋಡಿಸುವ ಪ್ರೋಗ್ರಾಮರ್ ಹುಡುಗನೇ ಮುಜುಗರದಿಂದ "ಎರಡು ಸ್ವರ ಚೇಂಜ್ ಮಾಡೋಣ ಬಿಡಿ, ಕೇಸ್ ಆಗಲ್ಲ" ಎನ್ನುತ್ತಾನೆ. ಇಷ್ಟು ಸ್ವರ ಬದಲಿಸಿದರೆ ಸಾಕು, ಇಷ್ಟು ಸೆಕೆಂಡ್ ಒಳಗಿದ್ದರೆ ತೊಂದರೆ ಇಲ್ಲ ಎಂಬ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇದು ಸ್ಟುಡಿಯೋಗಳಲ್ಲಿ ಬಾಯಿಂದ ಬಾಯಿಗೆ ಓಡಾಡುವ ನಂಬಿಕೆ ಅಷ್ಟೇ.

2008ರಲ್ಲಿ ಬಾಂಬೆ ಹೈಕೋರ್ಟು ಹಿಂದಿ "ಕ್ರೇಜಿ 4" ಚಿತ್ರದ ಹಾಡಿಗೆ ತಡೆ ಕೊಟ್ಟದ್ದು ಒಂದು ಮೊಬೈಲ್ ಕಂಪನಿಯ ಜಾಹೀರಾತಿಗೆ ರಾಮ್ ಸಂಪತ್ ಮಾಡಿದ್ದ ಪುಟ್ಟ ಜಿಂಗಲ್‌ಗಾಗಿ. ತುಣುಕು ಎಷ್ಟು ಚಿಕ್ಕದು ಎನ್ನುವುದಕ್ಕಿಂತ ಹಾಡಿನ ಜೀವ ಅದರಲ್ಲಿದೆಯೇ ಎಂದು ಕೋರ್ಟು ನೋಡಿತು. ಸಿನಿಮಾ ಬಿಡುಗಡೆಯ ಹೊಸ್ತಿಲಲ್ಲಿದ್ದ ನಿರ್ಮಾಪಕರು ಸುಮಾರು 2 ಕೋಟಿ ರೂಪಾಯಿ ಕೊಟ್ಟು ರಾಜಿ ಮಾಡಿಕೊಂಡರು ಎಂದು ಆಗ ಪತ್ರಿಕೆಗಳು ಬರೆದವು. ಮೊದಲೇ ಕೇಳಿ ತಂದಿದ್ದರೆ ಅಷ್ಟು ಖರ್ಚಾಗುತ್ತಿರಲಿಲ್ಲ ಎನ್ನುವುದು ಯಾವ ನಿರ್ಮಾಪಕರಿಗಾದರೂ ಹೊಳೆಯುವ ಲೆಕ್ಕ.

ಆದ್ದರಿಂದ ಮಾನ್ಯರೇ, ಹಾಡಿನ ಹೊಣೆ ಟೈಟಲ್ ಕಾರ್ಡಿನಲ್ಲಿ "ಸಂಗೀತ" ಎಂಬ ಸಾಲಿನಲ್ಲಿ ಹೆಸರಿರುವವರೊಬ್ಬರದೇ ಆಗಬಾರದು. ಫೋನ್ ತೆಗೆದು "ಹತ್ರ ಬನ್ನಿ" ಎಂದವರದೂ ಆಗಬೇಕು.

ಹೆಸರಿನ ಒಂದು ಸಾಲಿಗೆ ಎಷ್ಟು ಬೆಲೆ ಇದೆ ಎಂದು ತಿಳಿಯಲು ದೆಹಲಿಯ ಒಂದು ಪ್ರಕರಣ ನೋಡಬೇಕು. 2023ರ "ಪೊನ್ನಿಯಿನ್ ಸೆಲ್ವನ್ 2"ನ "ವೀರ ರಾಜ ವೀರ" ಹಾಡಿನಲ್ಲಿ ಎ. ಆರ್. ರೆಹಮಾನ್, ಅಡಾಣ ರಾಗದ "ಶಿವ ಸ್ತುತಿ" ಎಂಬ ದ್ರುಪದ್ ರಚನೆಯನ್ನು ಬಳಸಿದ್ದಾರೆ, ಅದು ಆ ಹಳೆಯ ಹಿಂದೂಸ್ತಾನಿ ಶೈಲಿಯ ಗಾಯಕರಾದ ಡಾಗರ್ ಸಹೋದರರದು ಎಂದು ಅವರ ಕುಟುಂಬ ಮೊಕದ್ದಮೆ ಹೂಡಿತು. ಚಿತ್ರತಂಡ ಡಾಗರ್ ಪರಂಪರೆಯನ್ನು ಆಗಲೇ ನೆನೆದಿತ್ತು. ಕುಟುಂಬಕ್ಕೆ ಬೇಕಿದ್ದದ್ದು ಆ ಇಬ್ಬರ ಹೆಸರು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಇಬ್ಬರು ಉಸ್ತಾದರ ಹೆಸರು ಹಾಕಬೇಕು, 2 ಕೋಟಿ ರೂಪಾಯಿ ಠೇವಣಿ ಇಡಬೇಕು ಎಂದಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು, ಹಾಡಿದರು ಎಂದ ಮಾತ್ರಕ್ಕೆ ಕಟ್ಟಿದವರು ಅವರೇ ಎಂದು ಸಾಬೀತಾಗುವುದಿಲ್ಲ ಎಂಬ ಕಾರಣಕ್ಕೆ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಾದ ಎಚ್ಚರವೇ ಇರಬಹುದು. ಆದರೆ ಹಣಕ್ಕಿಂತ ಮುಂಚೆ ಒಂದು ಮನೆತನ ಕೇಳಿದ್ದು ಎರಡು ಹೆಸರನ್ನು. ನಮ್ಮ ಜಾನಪದ ಗಾಯಕರ ಮನೆಯವರು ನಾಳೆ ಅದನ್ನೇ ಕೇಳಿದರೆ ನಾವೇನು ಹೇಳುತ್ತೇವೆ?

ನಮ್ಮದನ್ನು ಹೊರಗಿನವರು ತೆಗೆದುಕೊಂಡಾಗ ನಾವು ಏನು ಕೇಳಿದೆವು ಎಂಬುದೂ ನೆನಪಿರಲಿ. 2002ರಲ್ಲಿ ಅಮೆರಿಕದ "ಅಡಿಕ್ಟಿವ್" ಎಂಬ ಹಾಡಿನೊಳಗೆ 1981ರ "ಜ್ಯೋತಿ" ಚಿತ್ರಕ್ಕಾಗಿ ಬಪ್ಪಿ ಲಾಹಿರಿ ಕಟ್ಟಿ ಲತಾ ಮಂಗೇಶ್ಕರ್ ಹಾಡಿದ ತುಣುಕು ಅನುಮತಿ ಕೇಳದೆ ಸೇರಿತ್ತು. ಲಾಸ್ ಏಂಜಲೀಸಿನ ಕೋರ್ಟು 2003ರಲ್ಲಿ, ಬಪ್ಪಿ ಅವರ ಹೆಸರು ಹಾಕದೆ ಆ ಸಿ.ಡಿ. ಮಾರುವಂತಿಲ್ಲ ಎಂದಿತು. ಇಲ್ಲಿ ಎಲ್ಲರಿಗೂ ಹೆಮ್ಮೆಯಾಯಿತು. ಅಲ್ಲಿ ನ್ಯಾಯ ಎನಿಸಿದ್ದು ಇಲ್ಲಿ ತೊಂದರೆ ಎನಿಸಬಾರದು.

1957ರ ನಮ್ಮ ಕಾಪಿರೈಟ್ ಕಾಯ್ದೆಯ 57ನೇ ಕಲಂ, ಹಕ್ಕನ್ನೆಲ್ಲ ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೇ ಉಳಿಸುತ್ತದೆ. ಆಡಿಯೋ ಕಂಪನಿಯವರು ದಯವಿಟ್ಟು ಇದನ್ನು ಗಮನಿಸಬೇಕು. ನೀವು ಹಕ್ಕು ಕೊಂಡಿರುವ ಹಳೆಯ ಹಾಡನ್ನು ನೀವೇ ರೀಮಿಕ್ಸ್ ಮಾಡಿಸಿದಾಗ, ಮೂಲ ಸಂಗೀತ ನಿರ್ದೇಶಕರ ಮತ್ತು ಸಾಹಿತ್ಯ ಬರೆದವರ ಹೆಸರು ವಿಡಿಯೋ ಕೆಳಗಿನ ವಿವರದಲ್ಲಿ ಎಷ್ಟನೇ ಸಾಲಿನಲ್ಲಿ ಇರುತ್ತದೆ, ಇರುತ್ತದೆಯೇ, ಒಮ್ಮೆ ತೆಗೆದು ನೋಡಿ.

ವಿದೇಶದಲ್ಲಿ ಈಗ ಹಾಡು ಬಿಡುಗಡೆಗೆ ಮೊದಲೇ ಸಂಗೀತ ತಜ್ಞರಿಂದ ಕೇಳಿಸಿ, ಹೋಲಿಕೆ ಕಂಡರೆ ಹಳೆಯವರ ಹೆಸರು ಸೇರಿಸಿ, ಪಾಲು ಕೊಟ್ಟು ಮುಂದೆ ಹೋಗುತ್ತಾರೆ. ಸ್ಯಾಮ್ ಸ್ಮಿತ್ ಅವರ "ಸ್ಟೇ ವಿತ್ ಮಿ" ತಮ್ಮ 1989ರ ಹಾಡಿನಂತಿದೆ ಎಂದು ಟಾಮ್ ಪೆಟ್ಟಿ ಕಡೆಯವರು ಹೇಳಿದಾಗ ಕೋರ್ಟಿನ ಮೆಟ್ಟಿಲು ಹತ್ತದೆಯೇ ಹೆಸರು ಸೇರಿತು, ಪಾಲು ಹೋಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಕೆಸರು ಎರಚಲಿಲ್ಲ. ಇದು ನಮಗೆ ಬೇಕಾದ ಮಾದರಿ. ಬೇಡದ ಮಾದರಿಯೂ ಅಲ್ಲೇ ಇದೆ. 2013ರ "ಬ್ಲರ್ಡ್ ಲೈನ್ಸ್" ಹಾಡು ಮಾರ್ವಿನ್ ಗೇ ಅವರ 1977ರ ಹಾಡಿನ ನಕಲು ಎಂದು 2015ರಲ್ಲಿ ತೀರ್ಪಾಗಿ, ಪರಿಹಾರ ಕೊನೆಗೆ 50 ಲಕ್ಷ ಡಾಲರಿನ ಸುತ್ತ ನಿಂತಿತು. ಅಲ್ಲಿ ಧಾಟಿಗಿಂತ ಆ ಹಾಡಿನ ವಾತಾವರಣ, ಲಯ, ಮೋಜಿನ ಗದ್ದಲ ಒಂದೇ ಥರ ಇದ್ದದ್ದೇ ಮುಖ್ಯವಾಯಿತು ಎಂದು ಅನೇಕ ಸಂಗೀತಗಾರರು ಪ್ರತಿಭಟಿಸಿದರು. ನಾನೂ ಅವರ ಕಡೆ. ಲಯದ ಸೊಗಸಿಗೆ ಪಟ್ಟಾ ಬರೆದುಕೊಟ್ಟರೆ ನಾಳೆ ಡೊಳ್ಳಿನ ಗತ್ತಿಗೂ, ತಮಟೆಯ ಪೆಟ್ಟಿಗೂ ಯಾರೋ ಒಬ್ಬರು ಮಾಲೀಕರಾಗುತ್ತಾರೆ.

ಜಾನಪದದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮಾದಪ್ಪನ ಪದ, ಸೋಬಾನೆ, ಗೀಗೀ, ತತ್ವಪದಗಳಿಂದ ಧಾಟಿ ತಂದು, ಕೆಳಗೆ "ಜನಪದ" ಎಂಬ ಒಂದು ಪದ ಹಾಕಿ, ಅದನ್ನೂ ಹಾಕದೆ, ತಮ್ಮ ಹೆಸರನ್ನು ಮಾತ್ರ ದೊಡ್ಡದಾಗಿ ಹಾಕಿಕೊಳ್ಳುವುದು ಮಾಮೂಲಾಗಿದೆ. ಆಮೇಲೆ ಅದೇ ಪದವನ್ನು ಕಂಸಾಳೆಯ ಕಲಾವಿದರೊಬ್ಬರು ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಡಿದರೆ, ಯಾವುದೋ ಕಂಪನಿಯ ಕಾಪಿರೈಟ್ ಕ್ಲೇಮ್ ಅವರ ಮೇಲೆ ಬೀಳುತ್ತದೆ. ತಲೆಮಾರುಗಳಿಂದ ಹಾಡಿಕೊಂಡು ಬಂದವರು ತಾವು ಕಳ್ಳರಲ್ಲ ಎಂದು ಇಂಗ್ಲಿಷಿನ ಫಾರಂ ತುಂಬಿ ಹೇಳಬೇಕಾದ ಸ್ಥಿತಿ ಇದು. ಈ ಪತ್ರದಲ್ಲಿ ಬರೆದ ಎಲ್ಲದಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ನನಗೆ ಇದೇ. ಸಂಗೀತ ನಿರ್ದೇಶಕರಿಗೆ ವಕೀಲರಿದ್ದಾರೆ, ಕಂಪನಿಗಳಿಗೆ ಲೀಗಲ್ ವಿಭಾಗ ಇದೆ. ಮಲೆ ಮಹದೇಶ್ವರನ ಬೆಟ್ಟದ ದಾರಿಯಲ್ಲಿ ಹಾಡುವವರಿಗೆ ಯಾರಿದ್ದಾರೆ?

ಇಷ್ಟೆಲ್ಲ ಬರೆದು ನಾನು ಕೇಳುವುದು ಅಸಾಧ್ಯವಾದದ್ದನ್ನಲ್ಲ. ಶೀರ್ಷಿಕೆ ನೋಂದಣಿಗೆ ಅರ್ಜಿ ಇರುವ ಹಾಗೆ ಹಾಡುಗಳಿಗೂ ಒಂದು ಪುಟದ ಘೋಷಣೆ ಇರಲಿ. ಈ ಹಾಡಿಗೆ ಯಾವ ರೆಫರೆನ್ಸ್ ಬಳಸಿದೆವು, ಯಾವ ಧಾಟಿಯಿಂದ ತಂದೆವು, ಯಾವ ಲೂಪನ್ನು, ಅಂದರೆ ಸಿದ್ಧ ಸಂಗೀತದ ತುಣುಕನ್ನು, ಎಲ್ಲಿಂದ ಕೊಂಡೆವು ಎಂದು ಅದರಲ್ಲಿ ಬರೆಯಲಿ. ಸಂಗೀತ ನಿರ್ದೇಶಕರ ಜೊತೆ ಚಿತ್ರದ ನಿರ್ದೇಶಕರೂ ನಿರ್ಮಾಪಕರೂ ಸಹಿ ಹಾಕಲಿ. ತಂದದ್ದು ಇದ್ದರೆ ಟೈಟಲ್ ಕಾರ್ಡಿನಲ್ಲೂ ವಿಡಿಯೋ ವಿವರದಲ್ಲೂ ಭಜನೆ ಪುಸ್ತಕದವರು ಹಾಕುವ ಹಾಗೆ ಧಾಟಿಯ ಸಾಲೊಂದು ಕಾಣಿಸಲಿ. ಜನಪದವಾದರೆ ಯಾವ ಸೀಮೆಯದು, ಯಾರ ಬಾಯಿಂದ ಕೇಳಿದ್ದು ಎಂಬುದೂ ಇರಲಿ, ಹಾಡಿಕೊಟ್ಟವರಿಗೆ ಒಂದು ಗೌರವಧನ ಸಲ್ಲಲಿ, ಅಂಥ ಧಾಟಿಯ ಮೇಲೆ ಬೇರೆಯವರ ವಿರುದ್ಧ ಕ್ಲೇಮ್ ಹಾಕುವುದಿಲ್ಲ ಎಂದು ಆಡಿಯೋ ಕಂಪನಿ ಬರೆದುಕೊಡಲಿ.

ಮುಖ್ಯವಾಗಿ, ದೂರು ಬಂದರೆ ಕೇಳುವ ಒಂದು ಸಮಿತಿ ಬೇಕು. ಅದರಲ್ಲಿ ಒಬ್ಬ ಶಾಸ್ತ್ರೀಯ ವಿದ್ವಾಂಸರು, ವಾದ್ಯ ಸಂಯೋಜಿಸುವ ಒಬ್ಬ ಅನುಭವಿ ಅರೇಂಜರ್, ಜಾನಪದ ಬಲ್ಲವರೊಬ್ಬರು, ಕಾಪಿರೈಟ್ ಗೊತ್ತಿರುವ ವಕೀಲರೊಬ್ಬರು ಇದ್ದರೆ ಸಾಕು. ಎರಡೂ ಕಡೆಯವರ ಎದುರು ಎರಡೂ ಹಾಡನ್ನು ನುಡಿಸಿ, ಕೇಳಿ, ತಿಂಗಳೊಳಗೆ ಬರವಣಿಗೆಯಲ್ಲಿ ಅಭಿಪ್ರಾಯ ಕೊಡಲಿ, ಅದನ್ನು ಕನ್ನಡದಲ್ಲಿ ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸಲಿ. ಅದು ಕೋರ್ಟಿನ ತೀರ್ಪಲ್ಲ, ಒಪ್ಪದವರಿಗೆ ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಆದರೆ ನಕಲು ಅಲ್ಲ ಎಂದಾದರೆ ಆರೋಪ ಹೊತ್ತವರಿಗೆ ತೋರಿಸಲು ಒಂದು ಕಾಗದ ಸಿಗುತ್ತದೆ. ಹೌದು ಎಂದಾದರೆ ಮೂಲದವರಿಗೆ ಹೆಸರು ಸಿಗುತ್ತದೆ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ಪತ್ರದ ಪ್ರತಿಯನ್ನು ನನ್ನ ಸಹಿ, ವಿಳಾಸದೊಂದಿಗೆ ಮಂಡಳಿಯ ಕಚೇರಿಗೆ ಅಂಚೆಯಲ್ಲೂ ಕಳಿಸಿದ್ದೇನೆ. ಅಂಥ ಸಮಿತಿ ಆಗಿ, ಎರಡು ಹಾಡಿನ ಸ್ವರ ಬಿಡಿಸಿ ನುಡಿಸಿ ತೋರಿಸಲು ಯಾರಾದರೂ ಬೇಕು ಎಂದರೆ ಹಾರ್ಮೋನಿಯಂ ತೆಗೆದುಕೊಂಡು ಬರುತ್ತೇನೆ, ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಂಗೀತದ ಮೇಷ್ಟ್ರು